ಪಡೆದ ಅಂಗ, ಬೆಳೆದ ಗಡ್ಡೆ

ಬೇರೊಬ್ಬರ ಮೂತ್ರಪಿಂಡವನ್ನು ಪಡೆದು ಬಾಳುತ್ತಿರುವ ಹೆಂಗಸಿನ ಶರೀರದಲ್ಲಿ ಸಾಮಾನ್ಯವಾಗಿ ಎರಡಲ್ಲ, ಮೂರು ಮೂತ್ರಪಿಂಡಗಳಿರುತ್ತವೆ. ಹುಟ್ಟಿನೊಡನೆ ಬಂದ ಎರಡನ್ನು, ಅವು ಕೆಲಸ ನಿಲ್ಲಿಸಿ ಸುಕ್ಕಿಹೋಗಿದ್ದರೂ, ವಿಶೇಷ ಕಾರಣವಿಲ್ಲದೆ ಶಸ್ತ್ರವೈದ್ಯರು ತೆಗೆಯುವುದಿಲ್ಲ. ಹೊಸದನ್ನು ಬೆನ್ನ ಬದಿಯ ಆ ಹಳೆಯ ಸ್ಥಾನದಲ್ಲಿಡದೆ, ಕೆಳಹೊಟ್ಟೆಯಲ್ಲಿ, ಬಹುಮಟ್ಟಿಗೆ ಬಲಗಡೆ, ಸೊಂಟದ ಮೂಳೆಯ ಒಳತಗ್ಗಿನಲ್ಲಿ ನೆಲೆಗೊಳಿಸಿ, ಅದರ ಧಮನಿಯನ್ನು ಕಾಲಿಗೂ ವಸ್ತಿಪ್ರದೇಶಕ್ಕೂ ರಕ್ತವನ್ನೊಯ್ಯುವ ದೊಡ್ಡ ಧಮನಿಯ ಕವಲಿಗೆ ಹೊಲಿದು, ಅದರ ನಾಳವನ್ನು ಮೂತ್ರಕೋಶಕ್ಕೆ ಸೇರಿಸುತ್ತಾರೆ. ಗರ್ಭಕೋಶ ಅಲ್ಲಿಂದ ಕೆಲವೇ ಅಂಗುಲಗಳ ದೂರ. ಆ ಗರ್ಭಕೋಶದ ಸ್ನಾಯುವಿನಲ್ಲಿ, ಆಡುಮಾತಿನಲ್ಲಿ ಬರಿದೆ ಗಡ್ಡೆ ಎನ್ನುವ, ವೈದ್ಯರು ಫೈಬ್ರಾಯ್ಡ್ ಎನ್ನುವ ಪಿಂಡವೊಂದು ಬೆಳೆದುದಾದರೆ, ಒಂದೇ ಕುಹರದಲ್ಲಿ ಎರಡು ಮಾಂಸಖಂಡಗಳು ನೆರೆಹೊರೆಯಾಗಿ ನಿಲ್ಲುತ್ತವೆ: ಒಂದು ಪರರಿಂದ ಬಂದು ಆಕೆಯ ಜೀವವನ್ನು ಪೊರೆಯುತ್ತಿರುವುದು, ಇನ್ನೊಂದು ಆಕೆಯ ಸ್ವಂತ ಮಾಂಸದಿಂದಲೇ ಹುಟ್ಟಿ ಆಕೆಯ ರಕ್ತವನ್ನು ಸೋರಿಸುತ್ತಿರುವುದು. ಆಕೆಯ ದೇಹ ಮೊದಲನೆಯದನ್ನು, ಔಷಧದ ತಡೆಯಿಲ್ಲದಿದ್ದರೆ, ಶತ್ರುವೆಂದೆಣಿಸಿ ಕೊಂದುಹಾಕುತ್ತದೆ. ಎರಡನೆಯದನ್ನು ತನ್ನದೆಂದು ತಿಳಿದು ಸಾಕಿ ಸಲಹುತ್ತದೆ.

ನಾನು, ನನ್ನದು ಎಂಬ ಎರಡು ಭಾವಗಳನ್ನು ಕುರಿತು ನಮ್ಮ ದರ್ಶನಗಳು ಸಹಸ್ರಾರು ವರ್ಷ ವಿಚಾರಮಾಡಿವೆ. ಆದರೆ ಆ ವಿಚಾರವೆಲ್ಲ ಬುದ್ಧಿ ಮನಸ್ಸುಗಳ ಭೂಮಿಕೆಯಲ್ಲಿ ನಡೆದದ್ದು. ಬುದ್ಧಿಗೆ ಗೋಚರವೇ ಆಗದ ರಕ್ತಕಣಗಳು ಸಹ ಸ್ವ-ಪರ ವಿವೇಚನೆಯನ್ನು ಮಾಡುತ್ತವೆ ಎಂಬುದೂ, ಆ ವಿವೇಚನೆಯಲ್ಲಿ ಹಿತಾಹಿತದ ಪರಿಜ್ಞಾನ ಲವಲೇಶವೂ ಇಲ್ಲವೆಂಬುದೂ ಇಪ್ಪತ್ತನೆಯ ಶತಮಾನದಲ್ಲಿ ನಮಗೆ ತಿಳಿದುಬಂದ ಸಂಗತಿ. ಇಂಥ ಹೆಂಗಸಿನ ಗಡ್ಡೆಗೆ ಚಿಕಿತ್ಸೆ ಮಾಡಲು ಹೊರಟ ಶಸ್ತ್ರವೈದ್ಯನು, ಆದಷ್ಟು ಚಿಕ್ಕ ಗಾಯದಿಂದ, ಸಾಧ್ಯವಾದರೆ ಗಾಯವೇ ಇಲ್ಲದೆ ಅದನ್ನು ಮಾಡಬೇಕೆಂದು ಇಂದಿನ ವೈದ್ಯಶಾಸ್ತ್ರ ಬಯಸುತ್ತದೆ. ಅದು ಸಾಧುವಾದ ಬಯಕೆ. ಆದೊಡೆ ಗಾಯ ಚಿಕ್ಕದಾದ ಮಾತ್ರಕ್ಕೆ ಹಿಂಸೆಯೂ ಚಿಕ್ಕದಾಯಿತೆ? ದಾನವಾಗಿ ಬಂದ ಅಂಗವನ್ನು ಹೊತ್ತ ದೇಹ ಯಾರ ಸ್ವತ್ತು, ಅದರ ಮೇಲೆ ಶಸ್ತ್ರವನ್ನಿಡುವಾಗ ಯಾರಿಗೆ ಯಾರ ಋಣ? ಇವು ವೈದ್ಯಕೀಯದ ಅಂಗಳದಲ್ಲಿ ಹುಟ್ಟಿದ ಧರ್ಮಪ್ರಶ್ನೆಗಳು. ಇವನ್ನು ವೈದ್ಯರಿಗೇ ಬಿಟ್ಟು ನಾವು ಸುಮ್ಮನಿರುವುದು ತರವಲ್ಲ.

1954ನೆಯ ಇಸವಿ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಜೋಸೆಫ್ ಮರ್ರೆ ಎಂಬ ಶಸ್ತ್ರವೈದ್ಯನು ರೊನಾಲ್ಡ್ ಹೆರಿಕ್ ಎಂಬಾತನ ಒಂದು ಮೂತ್ರಪಿಂಡವನ್ನು ತೆಗೆದು ಅವನ ಅವಳಿ ಸಹೋದರನಾದ ರಿಚರ್ಡನಿಗೆ ಜೋಡಿಸಿದನು. ರಿಚರ್ಡನು ಅದರಿಂದ ಎಂಟು ವರ್ಷಗಳ ಆಯುಸ್ಸನ್ನು ಪಡೆದನು. ಅದಕ್ಕೆ ಮುಂಚಿನ ಪ್ರಯತ್ನಗಳು ನಿಲ್ಲದೆ ಹೋದದ್ದಕ್ಕೂ ಇದು ನಿಂತದ್ದಕ್ಕೂ ಕಾರಣ ಒಂದೇ: ಆ ಇಬ್ಬರು ಒಂದೇ ಅಂಡದಿಂದ ಒಡೆದು ಹುಟ್ಟಿದವರಾಗಿದ್ದರು. ಶಸ್ತ್ರಕ್ರಿಯೆಗೆ ಮೊದಲು ಒಬ್ಬನ ಚರ್ಮದ ತುಣುಕನ್ನು ಇನ್ನೊಬ್ಬನಿಗೆ ಕಸಿಮಾಡಿ, ಅದು ಉದುರದೆ ಉಳಿದದ್ದನ್ನು ನೋಡಿಯೇ ವೈದ್ಯರು ಧೈರ್ಯಗೊಂಡದ್ದು. ದೇಹವು ತನ್ನದನ್ನೂ ತನ್ನದಲ್ಲದ್ದನ್ನೂ ಹೇಗೆ ಬೇರ್ಪಡಿಸುತ್ತದೆಂಬುದನ್ನು ಪೀಟರ್ ಮೆಡವಾರ್ ಮತ್ತು ಮ್ಯಾಕ್‌ಫರ್ಲೇನ್ ಬರ್ನೆಟ್ ಶೋಧಿಸಿದರು. ಅದಕ್ಕಾಗಿ ಅವರಿಗೆ 1960ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಬಾಸ್ಟನ್ನಿನ ಶಸ್ತ್ರಕ್ರಿಯೆ ನಡೆದ ಆ ವರ್ಷವೇ ನಮ್ಮ ನಾಡಿನಲ್ಲಿ ‘ಬೇಡರ ಕಣ್ಣಪ್ಪ’ ಚಲನಚಿತ್ರ ತೆರೆಕಂಡು, ಶಿವನಿಗೆ ತನ್ನ ಕಣ್ಣನ್ನೇ ಕಿತ್ತುಕೊಟ್ಟ ಭಕ್ತನ ಕಥೆಯನ್ನು ಊರೂರಿನ ಜನ ಕಣ್ಣೀರಿಟ್ಟು ನೋಡಿದರು ಎಂಬುದು ಕಾಕತಾಳೀಯವಾದರೂ ಸ್ಮರಣಾರ್ಹ. ದಧೀಚಿ ಬೆನ್ನೆಲುಬನ್ನು ಕೊಟ್ಟನು, ಶಿಬಿ ತೊಡೆಯ ಮಾಂಸವನ್ನು ಕೊಟ್ಟನು, ಕಣ್ಣಪ್ಪ ಕಣ್ಣನ್ನು ಕೊಟ್ಟನು. ಅಂಗದಾನವನ್ನು ಕೊಂಡಾಡುವ ಸಭೆಗಳಲ್ಲಿ ಈ ಮೂವರ ಹೆಸರು ಬಾರದೆ ಇರುವುದಿಲ್ಲ. ಆದರೆ ಈ ಕಥೆಗಳಲ್ಲಿ ಸ್ವೀಕರಿಸಿದವನು ಯಾರು? ಒಂದು ಕಡೆ ಏನೂ ಬೇಡದ ಪರಶಿವ, ಒಂದು ಕಡೆ ಆಯುಧಾರ್ಥಿಯಾದ ದೇವೇಂದ್ರ, ಇನ್ನೊಂದು ಕಡೆ ಗಿಡುಗನ ವೇಷದಲ್ಲಿ ಪರೀಕ್ಷೆಗೆ ಬಂದ ದೇವತೆ. ಪಡೆದ ಅಂಗವನ್ನು ಹೊತ್ತು, ದಿನವೂ ಎದ್ದು ಮಾತ್ರೆ ನುಂಗಿ, ಮತ್ತೆ ಕಾಯಿಲೆ ಬಿದ್ದು, ಮತ್ತೆ ವೈದ್ಯನ ಬಾಗಿಲಿಗೆ ಹೋಗಬೇಕಾದ ಒಬ್ಬ ಸಾಮಾನ್ಯ ಹೆಂಗಸಿನ ಧರ್ಮವೇನೆಂಬುದನ್ನು ನಮ್ಮ ಪುರಾಣಗಳು ಚಿತ್ರಿಸಲಿಲ್ಲ. ಕೊಡುವವನ ಮಹಿಮೆಯನ್ನು ಹಾಡಿದ ನಾವು ಪಡೆಯುವವರ ಧರ್ಮವನ್ನು ಚಿಂತಿಸದೆ ಬಿಟ್ಟೆವು.

ಅವಳಿಗಳಲ್ಲದವರ ನಡುವೆ ಅಂಗದಾನ ಸಾಧ್ಯವಾದದ್ದು ದೇಹದ ಈ ಅಂತರಂಗದ ಅಹಂಕಾರವನ್ನು ಅಡಗಿಸುವ ಔಷಧಗಳಿಂದ. ಅವುಗಳಲ್ಲಿ ಮುಖ್ಯವಾದ ಸೈಕ್ಲೊಸ್ಪೊರಿನ್ ನಾರ್ವೆ ದೇಶದ ಹಾರ್ಡಂಗರ್ ಪ್ರಸ್ಥಭೂಮಿಯ ಮಣ್ಣಿನ ಬೂಷ್ಟಿನಿಂದ ಬಂತು. ಟ್ಯಾಕ್ರೊಲಿಮಸ್ ಜಪಾನಿನ ಸುಕುಬಾ ಪ್ರದೇಶದ ಮಣ್ಣಿನ ಸೂಕ್ಷ್ಮಜೀವಿಯಿಂದ 1984ರಲ್ಲಿ ದೊರೆಯಿತು. ಸಿರೊಲಿಮಸ್ ಪೆಸಿಫಿಕ್ ಸಾಗರದ ನಡುವಣ ಈಸ್ಟರ್ ದ್ವೀಪದ ಮಣ್ಣಿನ ಕಾಣಿಕೆ. ಈ ಔಷಧಗಳಿಗೆ ತೆರಬೇಕಾದ ಬೆಲೆಯೂ ಉಂಟು. ದೇಹದ ಕಾವಲು ಸಡಿಲವಾದ ಕಾರಣ ಸೋಂಕು ಸುಲಭವಾಗಿ ಒಳನುಗ್ಗುತ್ತದೆ; ಗಾಯ ನಿಧಾನವಾಗಿ ಮಾಯುತ್ತದೆ, ಸಿರೊಲಿಮಸ್ ತೆಗೆದುಕೊಳ್ಳುವವರಲ್ಲಂತೂ ಇನ್ನೂ ನಿಧಾನ. ಅಂಥವರಿಗೆ ದೊಡ್ಡ ಗಾಯ ಕೂಡದೆಂಬ ಮಾತು ಹುಟ್ಟಿದ್ದು ಇಲ್ಲಿಂದ.

ಇನ್ನೊಬ್ಬರ ಅಂಗ ನನ್ನಲ್ಲಿ ಸೇರಿದ ಮೇಲೆ ನಾನು ಯಾರು ಎಂಬ ಪ್ರಶ್ನೆಯನ್ನು, ಶಸ್ತ್ರವೈದ್ಯವು ಅಂಗಕಸಿಯನ್ನು ಕೈಗೂಡಿಸುವುದಕ್ಕೆ ಎಷ್ಟೋ ಶತಮಾನ ಮುಂಚೆಯೇ ಬೌದ್ಧರು ಕಥೆಯಾಗಿ ಕೇಳಿದ್ದರು. ನಾಗಾರ್ಜುನನ ಹೆಸರಿನಲ್ಲಿ ಪ್ರಸಿದ್ಧವಾಗಿ, ಕುಮಾರಜೀವನು ಐದನೆಯ ಶತಮಾನದ ಆದಿಯಲ್ಲಿ ಚೀನೀ ಭಾಷೆಗೆ ತಂದ, ಸಂಸ್ಕೃತ ಮೂಲ ಕಳೆದುಹೋಗಿರುವ ಮಹಾಪ್ರಜ್ಞಾಪಾರಮಿತೆಯ ಬೃಹದ್ವ್ಯಾಖ್ಯಾನದಲ್ಲಿ ಆ ಕಥೆ ಬರುತ್ತದೆ. ಪಥಿಕನೊಬ್ಬನು ಪಾಳುಮನೆಯಲ್ಲಿ ರಾತ್ರಿ ತಂಗಿರುತ್ತಾನೆ. ಒಂದು ಪಿಶಾಚ ಹೆಣವನ್ನು ಹೊತ್ತು ಬರುತ್ತದೆ. ಹಿಂದೆಯೇ ಇನ್ನೊಂದು ಬಂದು ಹೆಣ ತನ್ನದೆಂದು ಜಗಳವಾಡುತ್ತದೆ. ತಂದವರು ಯಾರೆಂದು ಅವನನ್ನು ಕೇಳಲು ಅವನು ಸುಳ್ಳಾಡಲಾರದೆ ಮೊದಲನೆಯದನ್ನು ತೋರಿಸುತ್ತಾನೆ. ಎರಡನೆಯ ಪಿಶಾಚ ಕೆರಳಿ ಅವನ ತೋಳನ್ನು ಕಿತ್ತೆಸೆಯುತ್ತದೆ. ಮೊದಲನೆಯದು ಕನಿಕರದಿಂದ ಹೆಣದ ತೋಳನ್ನು ತಂದು ಅಲ್ಲಿ ಅಂಟಿಸುತ್ತದೆ. ಹೀಗೆ ಎರಡು ತೋಳು, ಎರಡು ಕಾಲು, ಕಡೆಗೆ ಸರ್ವಾಂಗವೂ ಬದಲಾದ ಮೇಲೆ, ಎರಡೂ ಸೇರಿ ಕಿತ್ತ ಅಂಗಗಳನ್ನು ತಿಂದು ಬಾಯೊರಸಿಕೊಂಡು ಹೊರಟುಹೋಗುತ್ತವೆ. ತಂದೆತಾಯಿಯರು ಕೊಟ್ಟ ಮೈ ಕಣ್ಣೆದುರಿಗೇ ಹೋಯಿತು, ಈಗಿರುವುದು ಪರರ ಮೈ. ಹಾಗಾದರೆ ನನಗೆ ಮೈಯುಂಟೋ ಇಲ್ಲವೋ ಎಂದು ಆತನು ಬೆಳಗಾದ ಮೇಲೆ ಭಿಕ್ಷುಗಳನ್ನು ಕೇಳುತ್ತಾನೆ. ನಿನ್ನದೆಂಬುದು ಇಂದು ಇಲ್ಲವಾದುದಲ್ಲ, ಎಂದೂ ಇರಲೇ ಇಲ್ಲ ಎಂಬುದು ಭಿಕ್ಷುಗಳ ಉತ್ತರದ ತಾತ್ಪರ್ಯ.

ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯವನ್ನು ಅಧ್ಯಾಸವಿಚಾರದಿಂದ ಆರಂಭಿಸಿ, ವಿಷಯಿಯಾದ ಆತ್ಮನ ಮೇಲೆ ವಿಷಯವಾದ ದೇಹವನ್ನೂ ದೇಹದ ಮೇಲೆ ಆತ್ಮನನ್ನೂ ಆರೋಪಿಸಿಕೊಳ್ಳುವುದೇ ಲೋಕವ್ಯವಹಾರದ ಬೇರೆಂದು ತೋರಿಸುವಲ್ಲಿಯೂ ಫಲಿತಾರ್ಥ ಸಮೀಪವೇ: ದೇಹ ನಾನಲ್ಲ. ಭಿಕ್ಷುಗಳು ಆತ್ಮವನ್ನೇ ಅಲ್ಲಗಳೆದರು, ಆಚಾರ್ಯರು ಆತ್ಮವನ್ನುಳಿಸಿಕೊಂಡು ದೇಹದ ಮೇಲಣ ಅಭಿಮಾನವನ್ನು ಅಲ್ಲಗಳೆದರು; ಎರಡು ಪಕ್ಷದಲ್ಲಿಯೂ ಮೂತ್ರಪಿಂಡಕ್ಕೂ ಗಡ್ಡೆಗೂ ಒಂದೇ ಗತಿ, ಎರಡೂ ಅನಾತ್ಮ. ಈ ತತ್ತ್ವದ ಔನ್ನತ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ತಿಂಗಳಿಗೆ ಹತ್ತು ದಿನ ರಕ್ತ ಹೋಗಿ, ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುವ ಹೆಂಗಸಿನ ಮುಂದೆ ಎರಡೂ ಅನಾತ್ಮವೆಂದು ಹೇಳಿ ಕೈತೊಳೆದುಕೊಳ್ಳುವುದು ತತ್ತ್ವಕ್ಕೆ ಮಾಡುವ ಗೌರವವಲ್ಲ. ಒಡೆತನದ ಪ್ರಶ್ನೆಗೆ ಈ ದರ್ಶನಗಳು ಉತ್ತರ ಕೊಟ್ಟಿವೆ. ಒಡೆತನವಿಲ್ಲದ ವಸ್ತುವಿನ ವಿಷಯದಲ್ಲಿ ನಮ್ಮ ಹೊಣೆಯೇನೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಗರ್ಭಕೋಶದ ಕಡೆ ನೋಡಿದರೆ ಈ ಸ್ವ-ಪರದ ಗಡಿ ಇನ್ನೂ ವಿಚಿತ್ರವಾಗುತ್ತದೆ. ತಂದೆಯಿಂದ ಬಂದ ಅರ್ಧಾಂಶದಿಂದಾಗಿ ಶಿಶುವು ತಾಯಿಯ ದೇಹಕ್ಕೆ ಪರಕೀಯ. ಆದರೂ ತಾಯಿಯ ದೇಹ ಅದನ್ನು ಒಂಬತ್ತು ತಿಂಗಳು ಹೊರನೂಕದೆ ಹೊತ್ತಿರುವುದು ಹೇಗೆ ಎಂಬ ಪ್ರಶ್ನೆಯನ್ನು 1953ರಲ್ಲಿ ಎತ್ತಿದವನೂ ಅದೇ ಮೆಡವಾರ್. ಅಂದಮೇಲೆ ಯಾವ ಔಷಧದ ಒತ್ತಾಯವೂ ಇಲ್ಲದೆ ಪರರನ್ನು ಒಳಗೆ ಕರೆದು ಇಟ್ಟುಕೊಳ್ಳುವ ವಿದ್ಯೆ ಸ್ತ್ರೀದೇಹದ ಈ ಒಂದು ಸ್ಥಾನಕ್ಕೆ ನಿಸರ್ಗದತ್ತವಾಗಿದೆ. ಅಷ್ಟೇ ಅಲ್ಲ, ಗಂಡುಮಗುವನ್ನು ಹೆತ್ತ ತಾಯಿಯ ರಕ್ತದಲ್ಲಿ ಆ ಮಗುವಿನ ಜೀವಕೋಶಗಳು ಇಪ್ಪತ್ತೇಳು ವರ್ಷಗಳ ತರುವಾಯವೂ ಇದ್ದುದನ್ನು 1996ರಲ್ಲಿ ವಿಜ್ಞಾನಿಗಳು ಕಂಡರು, ತಾಯಿಯ ಜೀವಕೋಶಗಳೂ ಮಕ್ಕಳಲ್ಲಿ ಹಾಗೆಯೇ ಉಳಿಯುತ್ತವೆ. ಮಗಳಿಗೆ ಮೂತ್ರಪಿಂಡವನ್ನು ಕೊಡುವ ತಾಯಿ ಮೊದಲಬಾರಿಗೆ ಆಕೆಯೊಳಗೆ ನೆಲೆಸುತ್ತಿರುವವಳಲ್ಲ. ಸ್ವ ಎಂಬುದಕ್ಕೆ ಕೋಟೆಯ ಗೋಡೆಯಂಥ ಗಡಿಯಿದೆಯೆಂಬ ನಮ್ಮ ಕಲ್ಪನೆಯನ್ನು ದೇಹವೇ ಹೀಗೆ ಹುಸಿಮಾಡಿದೆ.

ಉಳಿದ ಪ್ರಶ್ನೆಗೆ, ಅಂದರೆ ಹೊಣೆಯ ಪ್ರಶ್ನೆಗೆ, ಕನ್ನಡನಾಡಿನ ಶರಣಧರ್ಮದಲ್ಲಿ ಒಂದು ಉತ್ತರವಿದೆಯೆಂದು ನನಗೆ ತೋರುತ್ತದೆ. ಅಷ್ಟಾವರಣಗಳಲ್ಲಿ ಒಂದಾದ ಪ್ರಸಾದವು ಪಡೆದವನ ಸ್ವತ್ತಲ್ಲ. ಹಾಗೆಂದು ಅವನಿಗೆ ಹೊರಗಿನದೂ ಅಲ್ಲ. ಅದನ್ನು ಬೇಡವೆನ್ನಬಾರದು, ಚೆಲ್ಲಬಾರದು, ಕೂಡಿಟ್ಟು ಮೆರೆಯಲೂ ಬಾರದು. ವಿನಯದಿಂದ ಸ್ವೀಕರಿಸಿ ಎಚ್ಚರದಿಂದ ಬಳಸಬೇಕು. ಕಾಯವೇ ಪ್ರಸಾದವಾಗಬೇಕೆಂದು ಬಯಸಿದ ಆ ಪಂಥದ ದೃಷ್ಟಿಯಲ್ಲಿ ನೋಡಿದರೆ, ದಾನದ ಮೂತ್ರಪಿಂಡ ಮಾತ್ರವಲ್ಲ, ಹುಟ್ಟಿನೊಡನೆ ಬಂದ ಗರ್ಭಕೋಶವೂ ಪಡೆದದ್ದೇ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಮೂತ್ರಪಿಂಡ ಕೊಡುವವರಲ್ಲಿ ಹೆಂಗಸರೇ ಅಧಿಕ, ಪಡೆಯುವವರಲ್ಲಿ ಗಂಡಸರೇ ಅಧಿಕ. ತಾಯಿ ಮಗನಿಗೆ, ಹೆಂಡತಿ ಗಂಡನಿಗೆ, ಅಕ್ಕ ತಮ್ಮನಿಗೆ ಕೊಡುವುದು ಸಹಜವೆಂದೆಣಿಸಿರುವ ಸಮಾಜದಲ್ಲಿ, ಹೆಂಗಸೊಬ್ಬಳಿಗೆ ಒಂದು ಮೂತ್ರಪಿಂಡ ದೊರೆಯುವುದು ಅಪೂರ್ವ. ಅಂಥ ದುರ್ಲಭವಸ್ತುವನ್ನು ಆಕೆಯ ಇನ್ನೊಂದು ಕಾಯಿಲೆಯ ಚಿಕಿತ್ಸೆಯಲ್ಲಿ ಅಜಾಗ್ರತೆಯಿಂದ ಕಳೆಯುವುದು ಪ್ರಸಾದವನ್ನು ನೆಲಕ್ಕೆ ಚೆಲ್ಲಿದ ಅಪರಾಧ.

ಈ ಗಡ್ಡೆಯ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಅದು ಗರ್ಭಕೋಶದ ಸ್ನಾಯುವಿನ ಒಂದೇ ಒಂದು ಜೀವಕೋಶದ ಸಂತಾನ. ಋತುಚಕ್ರವನ್ನು ನಡೆಸುವ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ರಸಗಳೇ ಅದಕ್ಕೆ ಆಹಾರ. ಮುಟ್ಟು ನಿಂತ ಮೇಲೆ ಅದು ತಾನಾಗಿ ಕುಗ್ಗುತ್ತದೆ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ ಐವತ್ತು ವರ್ಷದೊಳಗೆ ಬಿಳಿಯ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ, ಕರಿಯ ಸ್ತ್ರೀಯರಲ್ಲಿ ನೂರಕ್ಕೆ 80ಕ್ಕೂ ಮೇಲ್ಪಟ್ಟು ಅದು ಕಾಣಿಸಿಕೊಳ್ಳುತ್ತದೆ. ಬಹುಪಾಲು ಹೆಂಗಸರಿಗೆ ಅದು ಇರುವುದೇ ತಿಳಿಯದು. ಅಂಥ ಗಡ್ಡೆಯನ್ನು ಮುಟ್ಟದಿರುವುದೇ ಚಿಕಿತ್ಸೆ. ಮೂತ್ರಪಿಂಡ ಕೆಟ್ಟಾಗ ಅನೇಕರಿಗೆ ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇಹೋಗುತ್ತದೆ. ಹೊಸ ಮೂತ್ರಪಿಂಡ ಕೆಲಸ ಹಿಡಿದ ಕೆಲವು ತಿಂಗಳಲ್ಲಿ ಋತುಚಕ್ರ ಮರಳಿ ಮೊದಲಾಗುತ್ತದೆ. ದಾನದ ಅಂಗವು ಆಕೆಗೆ ಆಯುಸ್ಸಿನೊಡನೆ ಸ್ತ್ರೀಧರ್ಮವನ್ನೂ ಹಿಂದಕ್ಕೆ ಕೊಟ್ಟಿತು. ಗಡ್ಡೆಯಿದ್ದವರಿಗೆ ಅದರ ಕಾಟವೂ ಅದರೊಡನೆಯೇ ಬಂತು. ಅತಿಯಾಗಿ ರಕ್ತ ಹೋದರೆ ಬೇರೆಯವರಿಗಾದರೆ ರಕ್ತ ಕೊಟ್ಟು ಸುಧಾರಿಸಬಹುದು. ಈಕೆಗೆ ಹೊರಗಿನ ರಕ್ತವನ್ನು ಕೊಟ್ಟರೆ ಅದರಿಂದ ಹುಟ್ಟುವ ಪ್ರತಿಕಾಯಗಳು ದಾನದ ಅಂಗದ ಮೇಲೆಯೇ ತಿರುಗಿಬೀಳುವ ಭಯವುಂಟು. ಗಡ್ಡೆ ದೊಡ್ಡದಾಗಿ ಹೊಸ ಮೂತ್ರನಾಳವನ್ನೊತ್ತಿದರೆ ಮೂತ್ರಪಿಂಡ ಊದಿಕೊಳ್ಳುತ್ತದೆ. ಆದರೆ ಕಸಿಮಾಡುವಾಗ ಅದರ ನರಗಳು ಕಡಿದಿರುವುದರಿಂದ ಆಕೆಗೆ ನೋವೇ ಆಗುವುದಿಲ್ಲ. ಪರರ ಮನೆಯಲ್ಲಿರುವ ಆ ಅಂಗಕ್ಕೆ ತನ್ನ ಸಂಕಟವನ್ನು ಹೇಳಿಕೊಳ್ಳುವ ನಾಲಗೆಯಿಲ್ಲ. ಅದರ ಪರವಾಗಿ ಬೇರೆ ಯಾರಾದರೂ ಎಚ್ಚರವಿರಬೇಕು.

ಆದಷ್ಟು ಚಿಕ್ಕ ಗಾಯದಿಂದ ಮಾಡುವ ಅಲ್ಪಚ್ಛೇದ ಚಿಕಿತ್ಸೆಗಳಲ್ಲಿ ಒಂದೊಂದರ ಮಾರ್ಗವೂ ಬೇರೆ. ಎಲ್ಲಕ್ಕಿಂತ ಸೌಮ್ಯವಾದದ್ದು, ಗರ್ಭಕೋಶದೊಳಗೆ ಹಾರ್ಮೋನನ್ನು ಒಸರುವ ಪುಟ್ಟ ಸಾಧನವನ್ನಿಟ್ಟು ರಕ್ತಸ್ರಾವವನ್ನು ತಗ್ಗಿಸುವುದು. ಗಡ್ಡೆ ಒಳಪೊರೆಯತ್ತ ಚಾಚಿದ್ದರೆ, ಹೊಟ್ಟೆಯನ್ನು ಮುಟ್ಟದೆ ಯೋನಿಮಾರ್ಗದಿಂದಲೇ ದರ್ಶಕಯಂತ್ರವನ್ನು ತೂರಿಸಿ ಅದನ್ನು ಹೆರೆದು ತೆಗೆಯಬಹುದು. ಯೋಗ್ಯರೋಗಿಗಳಲ್ಲಿ ಇದಕ್ಕಿಂತ ಉತ್ತಮವಾದದ್ದು ವಿರಳ. ಲ್ಯಾಪರೊಸ್ಕೋಪಿ ಎಂಬ ರಂಧ್ರಶಸ್ತ್ರಕ್ರಿಯೆಯಿಂದ ಗರ್ಭಕೋಶವನ್ನು ತೆಗೆಯುವ ವಿಧಾನವನ್ನು 1988ರಲ್ಲಿ ಹ್ಯಾರಿ ರೈಕ್ ಎಂಬ ಅಮೆರಿಕದ ವೈದ್ಯನು ಆರಂಭಿಸಿದನು. ಗಡ್ಡೆಯನ್ನಷ್ಟೇ ತೆಗೆಯುವುದಕ್ಕೂ ಅದು ಒದಗುತ್ತದೆ. ಹೊರಗೆ ಕಾಣುವುದು ನಾಲ್ಕು ಚಿಕ್ಕ ಗಾಯ. ಆದರೆ ಒಳಗೆ ಕೆಲಸ ಮಾಡಲು ಹೊಟ್ಟೆಗೆ ಅನಿಲವನ್ನು ತುಂಬಬೇಕು, ಆ ಒತ್ತಡ ಪಾದರಸಮಾನದಲ್ಲಿ 12ರಿಂದ 15 ಮಿಲಿಮೀಟರ್ ತಲಪಿದರೆ ಮೂತ್ರಪಿಂಡಕ್ಕೆ ಹರಿಯುವ ರಕ್ತ ಕುಗ್ಗುತ್ತದೆ. ಆರೋಗ್ಯವಂತಳಿಗೆ ಅದು ಲೆಕ್ಕಕ್ಕಿಲ್ಲದ ಸಂಗತಿ; ಒಂದೇ ಆಧಾರವನ್ನು ನಂಬಿದವಳಿಗೆ ಲೆಕ್ಕಕ್ಕುಂಟು. ಆದುದರಿಂದ ಬಲ್ಲ ವೈದ್ಯರು ಒತ್ತಡವನ್ನು ಆದಷ್ಟು ತಗ್ಗಿಸುತ್ತಾರೆ, ಕೆಲಸವನ್ನು ಬೇಗ ಮುಗಿಸುತ್ತಾರೆ, ದಾನದ ಅಂಗವೂ ಅದರ ನಾಳವೂ ಎಲ್ಲಿವೆಯೆಂದು ಮುಂಚಿತವಾಗಿ ಚಿತ್ರ ತೆಗೆಸಿ ನೋಡಿಕೊಂಡು ಅವುಗಳಿಂದ ದೂರದಲ್ಲಿ ರಂಧ್ರ ಮಾಡುತ್ತಾರೆ.

1995ರಲ್ಲಿ ಪ್ಯಾರಿಸಿನ ಜಾಕ್ ರವಿನಾ ಮತ್ತು ಸಂಗಡಿಗರು ಲೋಕಕ್ಕೆ ತಿಳಿಸಿದ ಇನ್ನೊಂದು ಮಾರ್ಗ ಗರ್ಭಕೋಶದ ಧಮನಿಯನ್ನು ಒಳಗಿನಿಂದ ಮುಚ್ಚುವುದು. ತೊಡೆಯ ಸಂದಿನ ಅಥವಾ ಮಣಿಕಟ್ಟಿನ ಧಮನಿಯಿಂದ ಕೂದಲೆಳೆಯಂಥ ನಾಳವನ್ನು ನಡೆಸಿಕೊಂಡು ಹೋಗಿ, ಗಡ್ಡೆಗೆ ಅನ್ನವೂಡುವ ರಕ್ತನಾಳದಲ್ಲಿ ಮಿಲಿಮೀಟರಿನ ಅರ್ಧದಷ್ಟರಿಂದ ಒಂದರವರೆಗಿನ ಕಣಗಳನ್ನು ಬಿಟ್ಟರೆ, ರಕ್ತವಿಲ್ಲದೆ ಗಡ್ಡೆ ಒಣಗುತ್ತದೆ. ಹೊರಗೆ ಉಳಿಯುವ ಗಾಯ ಸೂಜಿಯ ಗುರುತಿನಷ್ಟು. ಆದರೆ ಹಾದಿಯನ್ನು ಕಾಣಲು ಬಳಸುವ ಅಯೋಡಿನ್ ದ್ರವ ಮೂತ್ರಪಿಂಡಕ್ಕೆ ಹಿತವಲ್ಲ. ದಾನದ ಅಂಗದ ಧಮನಿಯನ್ನು ಶ್ರೋಣಿಯ ಒಳಧಮನಿಗೇ ಜೋಡಿಸಿದ್ದರೆ, ಗರ್ಭಕೋಶದ ಧಮನಿ ಹೊರಡುವುದೂ ಆ ಬುಡದಿಂದಲೇ ಆದಕಾರಣ, ಒಂದೆರಡು ಕಣಗಳು ದಾರಿ ತಪ್ಪಿದರೂ ಅನರ್ಥ. ಗಡ್ಡೆ ಒಣಗುವಾಗ ಬರುವ ತೀವ್ರವಾದ ನೋವಿಗೆ ಸಾಮಾನ್ಯವಾಗಿ ಕೊಡುವ ನೋವುನಿವಾರಕಗಳನ್ನು ಈಕೆಗೆ ಕೊಡಕೂಡದು. ಸತ್ತ ಮಾಂಸದಲ್ಲಿ ಸೋಂಕು ಹುಟ್ಟಿದರೆ ಕಾವಲು ಸಡಿಲವಾದ ಈ ದೇಹಕ್ಕೆ ಅದನ್ನು ಎದುರಿಸಲು ಬಲ ಸಾಲದು. ಶ್ರವ್ಯಾತೀತ ಧ್ವನಿತರಂಗಗಳನ್ನು ಒಂದು ಬಿಂದುವಿನಲ್ಲಿ ಕೂಡಿಸಿ ಗಡ್ಡೆಯನ್ನು ಸುಡುವ ವಿಧಾನಕ್ಕೆ 2004ರಲ್ಲಿ ಅಮೆರಿಕದ ಸರ್ಕಾರ ಸಮ್ಮತಿಕೊಟ್ಟಿತು. ಅದರಲ್ಲಿ ಚರ್ಮದ ಮೇಲೆ ಒಂದು ಗೀರೂ ಬೀಳುವುದಿಲ್ಲ. ಆದರೆ ತರಂಗಗಳು ಸಾಗುವ ದಾರಿಯಲ್ಲಿ ಕರುಳಾಗಲಿ ಮೂತ್ರಪಿಂಡವಾಗಲಿ ಅಡ್ಡಬರಬಾರದು, ಫಲವನ್ನಳೆಯಲು ಚುಚ್ಚುವ ಗ್ಯಾಡೊಲಿನಿಯಂ ದ್ರವವನ್ನು ಮೂತ್ರಪಿಂಡ ದುರ್ಬಲವಾಗಿದ್ದವರಿಗೆ ಕೊಡುವಾಗ ಬಹಳ ವಿವೇಚನೆ ಬೇಕು.

ಇವೆಲ್ಲವನ್ನೂ ಇಷ್ಟು ವಿಸ್ತಾರವಾಗಿ ಹೇಳಿದ್ದೇಕೆಂದರೆ, ಗಾಯದ ಉದ್ದವನ್ನು ಹಿಂಸೆಯ ಅಳತೆಗೋಲಾಗಿ ಹಿಡಿಯುವ ಭ್ರಮೆ ಇಲ್ಲಿ ತಾನಾಗಿ ಕಳಚಿಬೀಳುತ್ತದೆ. ಗೀರೇ ಬೀಳದ ಚಿಕಿತ್ಸೆಯಿಂದ ಮೂತ್ರಪಿಂಡ ಕೆಡಬಹುದು; ಹೊಟ್ಟೆಯನ್ನು ಒಂದು ಗೇಣು ಕೊಯ್ದ ಹಳೆಯ ಶಸ್ತ್ರಕ್ರಿಯೆಯಿಂದ ಅದು ಅಕ್ಷತವಾಗಿ ಉಳಿಯಲೂಬಹುದು. ಅಹಿಂಸೆಯನ್ನು ಎಲ್ಲರಿಗಿಂತ ಸೂಕ್ಷ್ಮವಾಗಿ ವಿಮರ್ಶೆಮಾಡಿದ ಜೈನಾಚಾರ್ಯರು ಈ ಮರ್ಮವನ್ನು ಮೊದಲೇ ಕಂಡಿದ್ದರು. ಉಮಾಸ್ವಾತಿಯು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳದೆ, ಪ್ರಮಾದದಿಂದ ಆದ ಪ್ರಾಣಹಾನಿಯೆಂದು ವಿಶೇಷಿಸಿದನು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 959ರಲ್ಲಿ, ಯಶಸ್ತಿಲಕವನ್ನು ಬರೆದು ಮುಗಿಸಿದ ಸೋಮದೇವಸೂರಿ ಉಳುವ ಒಕ್ಕಲಿಗನನ್ನೂ ಬಲೆಯೊಡ್ಡಿ ಕುಳಿತ ಬೆಸ್ತನನ್ನೂ ಎದುರೆದುರು ನಿಲ್ಲಿಸಿದನು: ನೇಗಿಲಿನಡಿ ಸಾವಿರ ಜೀವಿಗಳು ಸತ್ತರೂ ಒಕ್ಕಲಿಗನಿಗಿಲ್ಲದ ಪಾಪ, ಒಂದು ಮೀನೂ ಸಿಕ್ಕದ ಬೆಸ್ತನಿಗೆ ಅವನ ಸಂಕಲ್ಪದಿಂದಲೇ ಉಂಟೆಂದನು. ಬೆಸ್ತರ ಬಡತನವನ್ನು ಬಲ್ಲ ನನಗೆ ಆ ಉದಾಹರಣೆ ಕಠಿನವೆಂದು ತೋರುತ್ತದೆ. ಆದರೂ ಅದರ ತಿರುಳು ಗ್ರಾಹ್ಯ. ಹಿಂಸೆಯು ಕತ್ತಿಯ ಮೊನೆಯಲ್ಲಿಲ್ಲ, ಕತ್ತಿ ಹಿಡಿದವನ ಅನವಧಾನದಲ್ಲಿದೆ. ಚಿಕ್ಕ ಗಾಯವು ಹೊಸ ಕೌಶಲದ ಪ್ರದರ್ಶನಕ್ಕಾಗಿಯೋ ಬೇಗ ಮನೆಗೆ ಕಳುಹಿಸುವ ಅನುಕೂಲಕ್ಕಾಗಿಯೋ ಆಯ್ಕೆಯಾದುದಾದರೆ ಅದು ಅಹಿಂಸೆಯ ವೇಷವಷ್ಟೆ. ಈ ಒಬ್ಬಳ ರಕ್ತನಾಳಗಳ ಜೋಡಣೆ ಹೇಗಿದೆ, ಆಕೆಯ ಮಾತ್ರೆಗಳಾವುವು, ಮೂತ್ರಪಿಂಡದ ತ್ರಾಣವೆಷ್ಟು ಎಂದು ಕೂತು ಯೋಚಿಸಿ, ಸ್ತ್ರೀರೋಗವೈದ್ಯನೂ ಮೂತ್ರಪಿಂಡವೈದ್ಯನೂ ಒಟ್ಟಿಗೆ ಸಮಾಲೋಚಿಸಿ ಕೈಗೊಂಡದ್ದಾದರೆ, ದೊಡ್ಡ ಗಾಯವೂ ಅಪ್ರಮತ್ತನ ಕರ್ಮವಾಗುತ್ತದೆ.

ಅಪ್ರಮಾದದ ಈ ಮಾತನ್ನು ಗರ್ಭಕೋಶದ ವಿಷಯದಲ್ಲಿ ನಮ್ಮ ಸಮಾಜಕ್ಕೆ ಒತ್ತಿ ಹೇಳಬೇಕಾಗಿದೆ. ಮಕ್ಕಳಾದ ಮೇಲೆ ಗರ್ಭಕೋಶ ಇದ್ದರೇನು ಹೋದರೇನು, ತೆಗೆಸಿಬಿಡು, ಪೀಡೆ ತೊಲಗಲಿ ಎಂಬ ಮಾತು ಮನೆಯಲ್ಲಿಯೂ ಆಸ್ಪತ್ರೆಯಲ್ಲಿಯೂ ಸಲೀಸಾಗಿ ಬರುತ್ತದೆ. ಕಲಬುರಗಿ ಸೀಮೆಯ ತಾಂಡಾಗಳ ಬಡ ಲಂಬಾಣಿ ಹೆಂಗಸರಿಗೆ ಅಗತ್ಯವಿಲ್ಲದೆ ಗರ್ಭಕೋಶ ತೆಗೆದರೆಂಬ ದೂರು ಎದ್ದು ನಾಡಿಗೇ ನಾಚಿಕೆಯಾದದ್ದನ್ನು ಕಂಡಿದ್ದೇವೆ. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥ ಪ್ರಕರಣಗಳನ್ನು ಕುರಿತು 2023ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ತೀರ್ಪು ಕೊಡಬೇಕಾಯಿತು. ಒಂದು ಅಂಗಕ್ಕೆ ಅದರ ಫಲದಿಂದ ಮಾತ್ರ ಬೆಲೆ, ಫಲ ತೀರಿದ ಮೇಲೆ ಅದು ಕಸ ಎಂಬ ಭಾವನೆ ಇದರ ಹಿಂದಿದೆ. ಆ ಭಾವನೆ ಅಂಗದಲ್ಲಿ ನಿಲ್ಲದೆ ಹೆಂಗಸಿಗೇ ತಗಲುತ್ತದೆ. ಹಾಗೆಂದು ಉಳಿಸುವುದೇ ಧರ್ಮ, ತೆಗೆಯುವುದು ಅಧರ್ಮವೆಂದು ನಾನು ಹೇಳುತ್ತಿಲ್ಲ. ರಕ್ತಸ್ರಾವದಿಂದ ಬೇಸತ್ತು, ಮತ್ತೆ ಮತ್ತೆ ಚಿಕಿತ್ಸೆಯ ಕೋಟಲೆ ಬೇಡವೆಂದು ಆಕೆಯೇ ನಿಶ್ಚಯಿಸಿದರೆ, ಒಮ್ಮೆಗೇ ಮುಗಿಯುವ ಶಸ್ತ್ರಕ್ರಿಯೆಯೇ ಆ ಮೂತ್ರಪಿಂಡಕ್ಕೂ ಆಕೆಗೂ ಕಡಮೆ ಅಪಾಯದ್ದಾಗಬಹುದು.

ಮಕ್ಕಳು ಬೇಕೆನ್ನುವವಳ ವಿಚಾರ ಬೇರೆ. 1956ರಲ್ಲಿ ಬಾಸ್ಟನ್ನಿನಲ್ಲಿಯೇ ಎಡಿತ್ ಹೆಲ್ಮ್ ಎಂಬ ಹೆಂಗಸು ತನ್ನ ಅವಳಿ ಸಹೋದರಿಯಿಂದ ಮೂತ್ರಪಿಂಡವನ್ನು ಪಡೆದು, 1958ರ ಮಾರ್ಚಿನಲ್ಲಿ ಗಂಡುಮಗುವನ್ನು ಹೆತ್ತಳು. ಅಂಗವನ್ನು ಪಡೆದ ದೇಹದಿಂದ ಮನುಷ್ಯಶಿಶುವೊಂದು ಜನಿಸಿದ್ದು ಅದೇ ಮೊದಲು. ಈಗ ಅಂಥ ತಾಯಂದಿರು ಲೋಕದಲ್ಲಿ ಸಹಸ್ರಾರು. ಕಸಿಯಾದ ಮೇಲೆ ಒಂದು ವರ್ಷವಾದರೂ ಕಾದು, ಗರ್ಭಕ್ಕೆ ವಿಷವಾಗುವ ಮೈಕೊಫೆನೊಲೇಟಿನಂಥ ಮಾತ್ರೆಯನ್ನು ಆರು ವಾರ ಮುಂಚಿತವಾಗಿ ಬಿಟ್ಟು, ಬೇರೆ ಮಾತ್ರೆಗೆ ಬದಲಾಯಿಸಿಕೊಂಡು ಮುಂದುವರಿಯಬೇಕೆಂದು ವೈದ್ಯರು ವಿಧಿಸುತ್ತಾರೆ. ಅಂಥವಳ ಗಡ್ಡೆಗೆ ಧಮನಿಯನ್ನು ಮುಚ್ಚುವ ಚಿಕಿತ್ಸೆ ಸಾಮಾನ್ಯವಾಗಿ ಒಪ್ಪತಕ್ಕದ್ದಲ್ಲ, ಗಡ್ಡೆಯನ್ನಷ್ಟೇ ಬಿಡಿಸಿ ತೆಗೆದು ಗರ್ಭಕೋಶವನ್ನು ಹೊಲಿಯುವುದೇ ಯುಕ್ತ.

ಇಲ್ಲಿ ಒಂದು ಕಷ್ಟ ಎದುರಾಗುತ್ತದೆ. ಮೂತ್ರಪಿಂಡವನ್ನು ಕೊಟ್ಟ ತಾಯಿ, ನಾನು ಕೊಟ್ಟದ್ದನ್ನು ಬಸಿರಿನ ಅಪಾಯಕ್ಕೆ ಒಡ್ಡಬೇಡ, ಗರ್ಭಕೋಶವನ್ನು ತೆಗೆಸಿಕೊಂಡು ಸುಖವಾಗಿರು ಎಂದು ಹೇಳಿದರೆ? ಆ ಮಾತಿನಲ್ಲಿ ಪ್ರೀತಿಯಿದೆ, ಅಧಿಕಾರದ ನೆರಳೂ ಇದೆ. ಧರ್ಮಶಾಸ್ತ್ರಕಾರರು ದಾನದ ಲಕ್ಷಣವನ್ನು ಬಹಳ ನಿಷ್ಠುರವಾಗಿ ಹೇಳಿದ್ದಾರೆ: ಕೊಡುವವನ ಸ್ವತ್ವ ನಿವೃತ್ತವಾಗಬೇಕು, ಪಡೆಯುವವನ ಸ್ವತ್ವ ಉತ್ಪನ್ನವಾಗಬೇಕು; ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಲ್ಲಿ ಹಗ್ಗವನ್ನು ಹಿಡಿದಿದ್ದರೆ ಅದು ದಾನವೇ ಅಲ್ಲ. 1994ರ ಅಂಗಾಂಗ ಕಸಿ ಕಾಯಿದೆಯೂ ಅಂಗವನ್ನು ಕೊಡುಕೊಳ್ಳುವ ವ್ಯಾಪಾರವನ್ನು ನಿಷೇಧಿಸಿ, ಬದುಕಿರುವವರ ಅಂಗವಾದರೆ ಹತ್ತಿರದ ಬಂಧುಗಳಿಂದಾಗಲಿ, ಪ್ರೀತಿಯಿಂದ ಕೊಟ್ಟದ್ದೆಂದು ಸಮಿತಿಯ ಒಪ್ಪಿಗೆ ಪಡೆದ ಇತರರಿಂದಾಗಲಿ ಮಾತ್ರ ಅದನ್ನು ಸ್ವೀಕರಿಸಲು ಅವಕಾಶವಿತ್ತಿದೆ. ಬೆಲೆ ತೆತ್ತು ಕೊಳ್ಳಬಾರದ ವಸ್ತುವಿಗೆ ಜೀವಮಾನದ ವಿಧೇಯತೆಯ ಬೆಲೆಯನ್ನು ಕೇಳುವುದು ನ್ಯಾಯವೆ? ಪಡೆದವಳಿಗೆ ಋಣವಿಲ್ಲವೆಂದಲ್ಲ, ಇದೆ. ಆದರೆ ಆ ಋಣ ಮಾತ್ರೆಯನ್ನು ತಪ್ಪದೆ ನುಂಗುವುದರಿಂದ, ಅಂಗವನ್ನು ಎಚ್ಚರದಿಂದ ಕಾಪಾಡಿಕೊಳ್ಳುವುದರಿಂದ ತೀರತಕ್ಕದ್ದು, ತನ್ನ ಬಾಳಿನ ಆಯ್ಕೆಗಳನ್ನು ದಾನಿಯ ಕೈಗೊಪ್ಪಿಸುವುದರಿಂದಲ್ಲ. ತಾಯಿಗೆ ಸಲಹೆ ಹೇಳುವ ಹಕ್ಕಿದೆ, ಮಗಳಿಗೆ ಕೇಳಿಸಿಕೊಳ್ಳುವ ಕರ್ತವ್ಯವಿದೆ, ನಿರ್ಣಯ ಮಗಳದು.

ಆದುದರಿಂದ ಗಡ್ಡೆಗೆ ಯಾವ ಚಿಕಿತ್ಸೆ ಎಂಬ ಮಾತು ಬಂದಾಗ, ವೈದ್ಯನು ಮೊದಲು ಕೇಳಬೇಕಾದದ್ದು ಆಕೆಗೆ ಏನು ಬೇಕೆಂಬುದನ್ನು: ರಕ್ತ ನಿಂತರೆ ಸಾಕೋ, ಮಗು ಬೇಕೋ, ಗರ್ಭಕೋಶ ಉಳಿಯಬೇಕೆಂಬ ಆಸೆ ಮಗುವಿಗಾಗಿಯಲ್ಲದೆಯೂ ಉಂಟೋ ಎಂಬುದನ್ನು. ಪ್ರತಿಯೊಂದು ಮಾರ್ಗದಲ್ಲಿಯೂ ಮೂತ್ರಪಿಂಡಕ್ಕೆ ಬರಬಹುದಾದ ಕೇಡನ್ನು ಆಕೆಗೆ ತಿಳಿಯುವ ಕನ್ನಡದಲ್ಲಿ, ಅವಸರವಿಲ್ಲದೆ, ಬಿಡಿಸಿ ಹೇಳಬೇಕು. ಆ ಮಾತುಕತೆ ಕೊಠಡಿಯ ಹೊರಗೆ ನಿಂತ ಗಂಡನೊಡನೆ ಆಗಲಿ, ಸಹಿ ಹಾಕಲು ಬಂದ ಅತ್ತೆಮಾವಂದಿರೊಡನೆ ಆಗಲಿ ಮೊದಲಾಗದೆ ಆಕೆಯೊಡನೆಯೇ ಮೊದಲಾಗಬೇಕು, ಯೋಚಿಸಲು ಆಕೆ ಕೇಳಿದಷ್ಟು ದಿನಗಳನ್ನು, ರೋಗದ ಸ್ಥಿತಿ ಅನುಮತಿಸುವ ಮಟ್ಟಿಗೆ, ಆಕೆಗೆ ಕೊಡಬೇಕು.